ಹಗುರಾದ್ರ ಗೆಲ್ತಿ ಅಂದಿದ್ದರು

ಚಿಕ್ಕೋಡಿಯ ಮೈದಾನದಲ್ಲಿ ಮೊದಲ ಸಲ ನನ್ನನ್ನು ಕರೆದು ನಿಲ್ಲಿಸಿದಾಗ ಸರ್ ನನ್ನ ಮುಖ ನೋಡಲಿಲ್ಲ, ತೊಡೆ ನೋಡಿದರು. ಕೆಟ್ಟ ಕಣ್ಣಿಂದ ಅಲ್ಲ. ದನದ ಪೇಟೆಯಲ್ಲಿ ಹೋರಿ ಕೊಳ್ಳಲು ಬಂದವರು ಸುತ್ತ ತಿರುಗಿ ನೋಡುತ್ತಾರಲ್ಲ, ಹಾಗೆ. ನಾನಾಗ ಹತ್ತನೇ ಇಯತ್ತೆ. ತಾಲೂಕಿನ ಕ್ರೀಡಾಕೂಟದಲ್ಲಿ ಬರಿಗಾಲಲ್ಲಿ ಓಡಿ ಹದಿನೈದುನೂರು ಮೀಟರಿಗೆ ಮೊದಲು ಬಂದಿದ್ದೆ. ಕಾಲಿಗೆ ಮಣ್ಣು ಮೆತ್ತಿತ್ತು, ಉಸಿರು ಇನ್ನೂ ಸರಿಯಾಗಿ ಕೂತಿರಲಿಲ್ಲ.

"ಯಾವೂರು?"

"ಸದಲಗಾ ರೀ."

"ಮನ್ಯಾಗ ಏನ ಮಾಡ್ತಾರ?"

"ಎಮ್ಮಿ ಅದಾವ್ರಿ. ಡೇರಿಗೆ ಹಾಲ ಹಾಕ್ತೀವ್ರಿ."

ಅವರು ನಕ್ಕರು. "ಕಾಣಸ್ತೈತಿ. ಹಾಲು ಬೆಣ್ಣಿ ಎಲ್ಲಾ ತೊಡಿಮ್ಯಾಲ ಬಂದ ಕುಂತಾವು. ಇಷ್ಟ ಹೊತ್ಕೊಂಡ ಹಿಂಗ ಓಡತಿ ಅಂದ್ರ, ಇಳಿಸಿದ್ರ ಹೆಂಗ ಓಡಬ್ಯಾಡ ನೀ?"

ಅದನ್ನು ನಾನು ಹೊಗಳಿಕೆ ಅಂದುಕೊಂಡೆ. ಮನೆಗೆ ಬಂದು ಅವ್ವನ ಮುಂದೆ ಹಾಗೇ ಹೇಳಿದೆ. ಅವ್ವ ಎಮ್ಮೆಯ ಕೆಚ್ಚಲಿಗೆ ನೀರು ಹಾಕಿ ಒರೆಸುತ್ತಿದ್ದವಳು ಕೈ ನಿಲ್ಲಿಸಿ, "ಇಳಿಸೂದ ಅಂದ್ರ ಏನ ಬೇ?" ಅಂದಳು. ನನಗೂ ಗೊತ್ತಿರಲಿಲ್ಲ.

ಸರ್ ಅಂದರೆ ನಮ್ಮ ಭಾಗದಲ್ಲಿ ದೊಡ್ಡ ಹೆಸರು. ಮೊದಲು ತಾವೇ ಓಡುತ್ತಿದ್ದವರು. ಆಮೇಲೆ ಸೈನ್ಯಕ್ಕೆ, ಪೊಲೀಸ್ ಭರ್ತಿಗೆ ಹೋಗುವ ಹುಡುಗರನ್ನು ತಯಾರು ಮಾಡಲು ಚಿಕ್ಕೋಡಿಯಲ್ಲಿ ತರಬೇತಿ ಶುರುಮಾಡಿದ್ದರು. ರಾಯಬಾಗ, ಅಥಣಿ, ಕಾಗವಾಡದ ಕಡೆಯಿಂದೆಲ್ಲ ಹುಡುಗರು ಬರುತ್ತಿದ್ದರು. ನಾವು ಹುಡುಗಿಯರು ಬೆರಳೆಣಿಕೆಯಷ್ಟು. ಅಪ್ಪ ಕಬ್ಬಿನ ಹಂಗಾಮಿನಲ್ಲಿ ಸಕ್ಕರೆ ಫ್ಯಾಕ್ಟರಿಯ ಕೆಲಸಕ್ಕೆ ಹೋಗುವವನು, ಒಂದು ದಿನ ರಜೆ ಹಾಕಿ ನನ್ನನ್ನು ಕರೆದುಕೊಂಡು ಹೋಗಿ ಸರ್ ಕಾಲು ಮುಟ್ಟಿಸಿ ನಿಲ್ಲಿಸಿದ. "ಇನ್ನ ನಿಮ್ಮ ಮಗಳ್ರಿ," ಅಂದ. ಅಪ್ಪ ಒಳ್ಳೆಯ ಮನಸ್ಸಿನಿಂದಲೇ ಅಂದದ್ದು.

ಪಿಯುಸಿಗೆ ಚಿಕ್ಕೋಡಿಯಲ್ಲೇ ಸೇರಿದೆ, ಹಾಸ್ಟೆಲಿನಲ್ಲಿ ಇದ್ದೆ. ನನ್ನ ಕೋಣೆಯಲ್ಲಿ ಇದ್ದವಳು ರಾಯಬಾಗ ತಾಲೂಕಿನ ಹುಡುಗಿ. ಅವಳ ತಂದೆತಾಯಿ ಮಂದಿಯ ಹೊಲದಲ್ಲಿ ದುಡಿಯುವವರು. ಟ್ರಂಕಿನ ಮುಚ್ಚಳದ ಒಳಗೆ ಬುದ್ಧನ ಸಣ್ಣ ಚಿತ್ರ ಅಂಟಿಸಿಕೊಂಡಿದ್ದಳು. ಅಗಲ ಭುಜ, ದಪ್ಪ ಮೀನಖಂಡ, ನಕ್ಕರೆ ಇಡೀ ಓಣಿಗೆ ಕೇಳಬೇಕು. ಅವಳೂ ನನ್ನ ಹಾಗೆ ಹದಿನೈದುನೂರು ಓಡುವವಳೇ. ಸರ್ ಅವಳಿಗೆ ಇಟ್ಟ ಹೆಸರು ಟ್ರ್ಯಾಕ್ಟರ್.

ಸೋಮವಾರ ಸೋಮವಾರ ತೂಕ. ಮೈದಾನದ ಮೂಲೆಯಲ್ಲಿ ತಗಡಿನ ಒಂದು ಶೆಡ್ಡು, ಅದರ ಬಾಗಿಲಲ್ಲೇ ತೂಕದ ಯಂತ್ರ ಇಡುತ್ತಿದ್ದರು. ಹುಡುಗಿಯರು ಮೊದಲು. ಭರ್ತಿಯ ಹುಡುಗರು ಕೈಕಾಲು ಬಿಸಿಮಾಡಿಕೊಳ್ಳುತ್ತ ಅಲ್ಲೇ ನಿಂತಿರುತ್ತಿದ್ದರು. ಸರ್ ನಮ್ಮ ತೂಕವನ್ನು ಜೋರಾಗಿ ಕೂಗಿ ಹೇಳುತ್ತಿದ್ದರು. ಇಳಿದಿದ್ದರೆ "ಶಾಬಾಸ್", ಏರಿದ್ದರೆ, "ಏ ಪೋರಿ, ಮದವಿ ಊಟಕ್ಕ ಹೋಗಿದ್ದೇನ?" ಹುಡುಗರು ನಗುತ್ತಿದ್ದರು. ನನ್ನ ಗೆಳತಿ ಮಾತ್ರ ಯಂತ್ರದ ಮೇಲೆ ಕಾಲಿಡುವ ಮೊದಲೇ, "ಏರೇತ್ರಿ ಸರ್, ನಾನ ಹೇಳ್ತೀನಿ," ಅಂದು ಹತ್ತಿ ಇಳಿದು ಹೋಗುತ್ತಿದ್ದಳು. ನನಗೆ ಅಷ್ಟು ಧೈರ್ಯ ಇರಲಿಲ್ಲ. ಭಾನುವಾರ ಸಂಜೆಯಿಂದ ನೀರು ಕುಡಿಯುವುದನ್ನೂ ಕಡಿಮೆ ಮಾಡುತ್ತಿದ್ದೆ.

ಏನು ತಿನ್ನಬೇಕು ಅಂತ ಸರ್ ಬಾಯಿಮಾತಿನಲ್ಲೇ ಹೇಳುತ್ತಿದ್ದರು. ರೊಟ್ಟಿ ಒಂದೇ. ಅನ್ನ ಬೇಡ. ಶೇಂಗಾ, ಬೆಣ್ಣೆ, ಕೆನೆ, ಬೆಲ್ಲ ಮುಟ್ಟಬಾರದು. ಮೊಳಕೆ ಬಂದ ಹೆಸರು, ಸೌತಿಕಾಯಿ, ಗಜ್ಜರಿ ಎಷ್ಟಾದರೂ ತಿನ್ನಿ. "ಹಸಿವಾತಂದ್ರ ಖುಷಿ ಪಡ್ರಿ. ಒಳಗಿನ ಚರಬಿ ಸುಡಾಕತ್ತೈತಿ ಅಂತ ತಿಳೀರಿ. ಹಗುರಾದ್ರ ಹಾರ್ತೀರಿ, ಹಾರಿದ್ರ ಗೆಲ್ತೀರಿ." ಬೆಳಿಗ್ಗೆ ಮತ್ತು ಸಂಜೆ ಎರಡೂ ಹೊತ್ತು ಓಟ, ನಡುವೆ ಕಾಲೇಜು.

ಹಾಸ್ಟೆಲಿನ ಊಟ ಸರಿ ಇಲ್ಲ ಅಂತ ಅವ್ವನಿಗೆ ಗೊತ್ತಿತ್ತು. ಸದಲಗಾದಿಂದ ಬರುವ ಬೆಳಗಿನ ಬಸ್ಸಿನಲ್ಲಿ ದಿನಾ ಒಂದು ಡಬ್ಬಿ ಕಳಿಸುತ್ತಿದ್ದಳು. ಕಂಡಕ್ಟರು ಅದನ್ನು ಸ್ಟ್ಯಾಂಡಿನ ಪಾನ್ ಅಂಗಡಿಯಲ್ಲಿ ಇಟ್ಟು ಹೋಗುತ್ತಿದ್ದ. ಅದರಲ್ಲಿ ಬಿಳಿ ಜೋಳದ ರೊಟ್ಟಿ, ಕಾಳಪಲ್ಯ, ಶೇಂಗಾ ಚಟ್ನಿ, ಅದರ ಮೇಲೆ ಗಡ್ಡೆಮೊಸರು. ಕೆಲವು ಸಲ ಬೆಣ್ಣೆಯ ಸಣ್ಣ ಉಂಡೆ. ನಾನು ಬಾಗಿಲು ಹಾಕಿಕೊಂಡು ಡಬ್ಬಿ ಬಿಚ್ಚಿ ವಾಸನೆ ತೆಗೆದುಕೊಳ್ಳುತ್ತಿದ್ದೆ. ಆಮೇಲೆ ಗೆಳತಿಯ ಮುಂದೆ ಸರಿಸುತ್ತಿದ್ದೆ.

"ನೀ ಒಂದ ತುತ್ತರೆ ತಿನ್ನ ಬೇ," ಅನ್ನುತ್ತಿದ್ದಳು ಅವಳು.

"ಸೋಮವಾರ ತೂಕ ಐತಲ್ಲ."

"ತೂಕದ ಯಂತ್ರ ಓಡತೈತೇನ, ನೀ ಓಡತಿಯೋ?"

ಅವಳು ತಿನ್ನುತ್ತಿದ್ದಳು. ಬೆರಳು ನೆಕ್ಕಿ, ಡಬ್ಬಿ ತೊಳೆದು ಒರೆಸಿ ನನ್ನ ಕೈಗೆ ಕೊಡುತ್ತಿದ್ದಳು. ಶನಿವಾರ ಊರಿಗೆ ಹೋದಾಗ ಅವ್ವ, "ಡಬ್ಬಿ ದಿನಾ ಬರಿದಾಗಿ ಬರತೈತಿ ನೋಡ, ಭಾಳ ಹಸಿತೈತೇನ ಮಗಳಿಗೆ," ಅಂದು ಸಂತೋಷಪಟ್ಟು ಮುಂದಿನ ವಾರಕ್ಕೆ ಒಂದು ರೊಟ್ಟಿ ಹೆಚ್ಚು ಮಾಡುತ್ತಿದ್ದಳು.

ಇಷ್ಟಾದರೂ ನಾನು ಸರ್ ಮಾತನ್ನು ನಂಬಿದ್ದು ಸುಮ್ಮನೆ ಅಲ್ಲ. ಆ ವರ್ಷ ನಾನು ಗೆದ್ದೆ. ತೂಕ ಇಳಿದಂತೆ ಓಟ ನಿಜವಾಗಿಯೂ ಹಗುರಾಯಿತು. ಮೊದಲು ಮೂರನೇ ಸುತ್ತಿನಲ್ಲಿ ಎದೆ ಒಡೆಯುವ ಹಾಗಾಗುತ್ತಿತ್ತು, ಈಗ ಕಾಲು ತಾನೇ ಮುಂದೆ ಬೀಳುತ್ತಿತ್ತು. ಜಿಲ್ಲೆಯಲ್ಲಿ ಮೊದಲು ಬಂದೆ. ಚಿಕ್ಕೋಡಿಯ ಸರ್ಕಲ್ಲಿನಲ್ಲಿ ಸರ್ ಮತ್ತು ನನ್ನ ಚಿತ್ರ ಇದ್ದ ಬ್ಯಾನರ್ ಹಾಕಿದರು. ಸರ್ ನನ್ನ ರಟ್ಟೆ ಹಿಡಿದು ಎಲ್ಲರಿಗೂ ತೋರಿಸಿ, "ನೋಡ್ರಿ, ಒಣಕಟಗಿ ಆದ್ಲು, ಗೆದ್ಲು," ಅಂದರು. ಆವತ್ತು ನನ್ನಷ್ಟು ಸುಖಿ ಯಾರೂ ಇರಲಿಲ್ಲ. ಗೆಳತಿ ಆ ದಿನ ಐದನೆಯವಳಾಗಿ ಬಂದಿದ್ದಳು.

ವರ್ಷಗಳ ಮೇಲೆ ದೈಹಿಕ ಶಿಕ್ಷಣದ ಕೋರ್ಸು ಓದುವಾಗ ನನಗೆ ತಿಳಿದದ್ದು, ಸರ್ ಪೂರಾ ಸುಳ್ಳು ಹೇಳಿರಲಿಲ್ಲ, ಅರ್ಧ ಹೇಳಿದ್ದರು. ಹೊತ್ತ ಭಾರ ಕಡಿಮೆಯಾದರೆ ಅದೇ ಕಾಲು ಬೇಗ ಓಡುತ್ತದೆ, ಖರೆ. ಆದರೆ ದಿನಾ ಎರಡು ಹೊತ್ತು ಓಡುವ ಮೈಗೆ ಹಾಕಬೇಕಾದದ್ದನ್ನು ಹಾಕದೇ ಹೋದರೆ ಅದು ಕೊಬ್ಬು ತಿಂದು ಅಲ್ಲಿಗೇ ನಿಲ್ಲುವುದಿಲ್ಲ. ಆಮೇಲೆ ಮಾಂಸ ತಿನ್ನುತ್ತದೆ, ಆಮೇಲೆ ಎಲುಬಿಗೆ ಕೈ ಹಾಕುತ್ತದೆ. ಮೊದಲ ವರ್ಷದ ಗೆಲುವು ಎಲ್ಲರಿಗೂ ಕಾಣುತ್ತದೆ. ಎರಡನೇ ವರ್ಷ ಏನಾಯಿತು ಅಂತ ನೋಡಲು ಯಾರೂ ಬರುವುದಿಲ್ಲ.

ನನ್ನ ಎರಡನೇ ವರ್ಷ ಶುರುವಾಗುವ ಮೊದಲೇ ಮುಟ್ಟು ನಿಂತಿತ್ತು.

ನಾನು ಯಾರಿಗೂ ಹೇಳಲಿಲ್ಲ, ಗೆಳತಿಗೊಬ್ಬಳಿಗೆ ಬಿಟ್ಟು. ಅವಳು ಹೆದರಿ, ಹೋಗಿ ಸರ್‌ಗೆ ಹೇಳಿಬಿಟ್ಟಳು. ನಾನು ನಾಚಿಕೆಯಿಂದ ಸಾಯುವುದೊಂದು ಬಾಕಿ. ಸರ್ ನನ್ನನ್ನು ಕರೆದರು. ಬೈಯುತ್ತಾರೆ ಅಂದುಕೊಂಡಿದ್ದೆ. ಅವರು ಶಾಂತವಾಗಿ, "ಚಲೋನ ಆತಲ್ಲ. ತಿಂಗಳಾ ತ್ರಾಸ ಇಲ್ಲ, ರಜಾ ಇಲ್ಲ. ಅಂದ್ರ ಟ್ರೇನಿಂಗ್ ಬರೋಬ್ಬರಿ ನಡದೈತಿ," ಅಂದರು. ಅವರು ಹಾಗೆ ಅಂದದ್ದು ನನಗೆ ಸಮಾಧಾನವಾಯಿತು. ಬಟ್ಟೆಯ ಚಿಂತೆ ಇಲ್ಲ, ಹೊಟ್ಟೆ ನೋವಿಲ್ಲ. ಹದಿನೇಳರ ಹುಡುಗಿಗೆ ಇನ್ನೇನು ಬೇಕು?

ಅವ್ವನಿಗೆ ತಾನಾಗೇ ಗೊತ್ತಾಯಿತು. ಹಳ್ಳಿಯ ಮನೆಯಲ್ಲಿ ಇಂಥದ್ದು ಮುಚ್ಚಿಡಲು ಆಗುವುದಿಲ್ಲ. ದೀಪಾವಳಿ ರಜೆಗೆ ಹೋದವಳು ಮನೆಯಲ್ಲೇ ಇದ್ದೆ, ದೇವರ ಕೋಣೆಗೆ ದಿನಾ ಹೋಗಿಬರುತ್ತಿದ್ದೆ. ಒಂದು ಮಧ್ಯಾಹ್ನ ಅವ್ವ ನನ್ನನ್ನು ಎಮ್ಮೆಯ ಕೊಟ್ಟಿಗೆಗೆ ಕರೆದು ಬಾಗಿಲಿಗೆ ಅಡ್ಡ ನಿಂತಳು.

"ಖರೆ ಹೇಳ. ಯಾರ ಅವ?"

"ಯಾರ ಬೇ?"

"ನನ್ನ ಮುಂದ ನಾಟಕ ಮಾಡಬ್ಯಾಡ. ಎಷ್ಟ ತಿಂಗಳಾತು?"

ಅವಳು ಏನು ಕೇಳುತ್ತಿದ್ದಾಳೆ ಅಂತ ತಿಳಿಯಲು ನನಗೆ ಸ್ವಲ್ಪ ಹೊತ್ತು ಹಿಡಿಯಿತು. ತಿಳಿದ ಮೇಲೆ ನಾನು ಕೂಗಾಡಿದೆ. ಅವ್ವ ಅಂಗೈಯಿಂದ ನನ್ನ ಬಾಯಿ ಮುಚ್ಚಿದಳು. ಆಮೇಲೆ ಅದೇ ಕೈಯಿಂದ ನನ್ನ ಹೊಟ್ಟೆ ಮುಟ್ಟಿ ನೋಡಿದಳು. ಅಲ್ಲಿ ಏನೂ ಇರಲಿಲ್ಲ. ಬೆನ್ನಿಗೆ ಅಂಟಿದ ಹೊಟ್ಟೆ, ಎರಡೂ ಕಡೆ ಎದ್ದು ನಿಂತ ಸೊಂಟದ ಎಲುಬು. ಅವಳು ಕೈ ತೆಗೆಯಲಿಲ್ಲ. "ಯವ್ವಾ, ಇದೇನ ಆಗೇತಿ ನಿನಗ," ಅಂದು ಅಲ್ಲೇ ಸಗಣಿಯ ನೆಲದ ಮೇಲೆ ಕುಂತಳು.

ಅಪ್ಪನಿಗೆ ಹೇಳುವ ಹಾಗಿರಲಿಲ್ಲ. ಯಡೂರಿನ ವೀರಭದ್ರನಿಗೆ ಹರಕೆ ಇದೆ ಅಂತ ಸುಳ್ಳು ಹೇಳಿ ನನ್ನನ್ನು ಕರೆದುಕೊಂಡು ಹೊರಟಳು. ಮೊದಲು ಖರೇನೇ ಯಡೂರಿಗೆ ಹೋಗಿ, ಹೊಳೆಯಲ್ಲಿ ಕಾಲು ತೊಳೆದು, ಕಾಯಿ ಒಡೆಸಿದಳು. ಅಲ್ಲಿಂದ ನಿಪ್ಪಾಣಿಗೆ. ನಿಪ್ಪಾಣಿಯಲ್ಲಿ ಬೀಡಿ ಕಟ್ಟುವ ನನ್ನ ಚಿಕ್ಕವ್ವ ಇದ್ದಳು, ಅವಳೇ ಗೊತ್ತಿದ್ದ ಒಬ್ಬ ಹೆಣ್ಣು ಡಾಕ್ಟರ ಹತ್ತಿರ ಕರೆದುಕೊಂಡು ಹೋದಳು. ವಯಸ್ಸಾದ ಡಾಕ್ಟರು. ಮರಾಠಿ ಬೆರೆಸಿ ಕನ್ನಡ ಮಾತಾಡುತ್ತಿದ್ದರು, ನನ್ನನ್ನು ಮಗು ಅನ್ನುವ ಹಾಗೆ ಬಾಳ ಅಂದರು. ನನ್ನ ಕಣ್ಣರೆಪ್ಪೆ ಕೆಳಗೆಳೆದು ನೋಡಿದರು, ಮುಂಗೈ ಮೇಲೆ ಹೊಸದಾಗಿ ಬೆಳೆದಿದ್ದ ನವಿರು ಕೂದಲು ನೋಡಿದರು.

"ದಿನಾ ಏನ ತಿಂತಿ ಬಾಳ?"

ನಾನು ಬಾಯಿ ಬಿಡುವ ಮೊದಲೇ ಅವ್ವ, "ನಮ್ಮದ ಹಾಲಿನ ಮನಿ ರೀ. ದಿನಾ ರೊಟ್ಟಿ ಮಸರ ಕಳಸ್ತೀನಿ, ಡಬ್ಬಿ ಬರಿದ ಆಗೇ ಬರತೈತಿ," ಅಂದಳು. ಅವಳ ದನಿಯಲ್ಲಿ ಹೆಮ್ಮೆ ಇತ್ತು.

ಡಾಕ್ಟರು ನನ್ನನ್ನೇ ನೋಡುತ್ತ ಕುಂತರು. ಕೊನೆಗೆ ನಾನೇ ಹೇಳಿದೆ, ಡಬ್ಬಿ ಯಾರು ತಿನ್ನುತ್ತಿದ್ದರು ಅಂತ. ಅವ್ವ ನನ್ನ ಕಡೆ ತಿರುಗಲಿಲ್ಲ. ಮೇಜಿನ ಮೇಲಿದ್ದ ಔಷಧದ ಸೀಸೆಗಳನ್ನು ನೋಡುತ್ತ ಇದ್ದಳು.

ಡಾಕ್ಟರು ಬೈಯಲಿಲ್ಲ. "ಹಿಂಗ ನೋಡವ್ವಾ," ಅಂತ ಅವ್ವನಿಗೇ ಹೇಳಿದರು, "ಮನ್ಯಾಗ ಕಾಳ ಕಡಿಮಿ ಬಿದ್ದರ ನೀ ಏನ ಮಾಡ್ತಿ? ಇವತ್ತಿನ ಒಲಿ ಹೊತ್ತಿಸ್ತಿ, ನಾಳಿ ಮಾಡಬೇಕಾದ್ದ ಬಿಡ್ತಿ. ಮೈನೂ ಹಂಗ. ಇಕಿ ಓಡೂದಕ್ಕ ಎಲ್ಲಾ ಖರ್ಚ ಆಗಿ ಹೊಂಟೈತಿ, ಅದಕ್ಕ ಮುಟ್ಟ ಬಂದ ಮಾಡೇತಿ. ಹಿಂಗ ಬಿಟ್ಟರ ಎಲಬ ಸವೀತಾವು. ಇಕಿಗೆ ರೋಗ ಇಲ್ಲ. ಹಸಿವಿ ಐತಿ. ಓಟ ಕೆಲವು ತಿಂಗಳ ನಿಲ್ಲಸ್ರಿ, ಹೊಟ್ಟಿ ತುಂಬ ಹಾಕ್ರಿ."

ನಮ್ಮ ಬಸ್ಸು ಚಿಕ್ಕೋಡಿ ಕ್ರಾಸು ದಾಟಿತು. ಅಲ್ಲಿ ಅವ್ವ ಒಂದೇ ಮಾತು ಕೇಳಿದಳು. "ಆ ಹುಡುಗಿಗರೆ ರೊಟ್ಟಿ ಚಲೋ ಅನಸ್ತಿತ್ತೇನ?"

ಅವ್ವ ಸರ್‌ ಅವರನ್ನು ನೋಡಲು ದೀಪಾವಳಿ ರಜೆ ಮುಗಿದ ಮೇಲೆ ಮೈದಾನಕ್ಕೆ ಬಂದಳು, ಬಂದದ್ದು ಅದೊಂದೇ ಸಲ. ತಲೆಮೇಲೆ ಸೆರಗು ಹೊದ್ದು, ತಗಡಿನ ಶೆಡ್ಡಿನ ಮುಂದೆ ನಿಂತು, ಡಾಕ್ಟರು ಹೇಳಿದ್ದನ್ನು ತನಗೆ ತಿಳಿದ ಮಾತಿನಲ್ಲಿ ಹೇಳಿದಳು. ಸರ್ ಕುರ್ಚಿ ತರಿಸಿದರು, ಚಹಾ ತರಿಸಿದರು. "ಮಾಂವಶಿ, ಡಾಕ್ಟರಿಗೆ ಓಟದ ಬಗ್ಗೆ ಏನ ಗೊತ್ತ್ರಿ? ಇನ್ನ ಒಂದ ಹಂಗಾಮ. ಅಥಣಿಯಾಗ ರಾಜ್ಯದ ಕೂಟಕ್ಕ ಸೆಲೆಕ್ಷನ್ ಐತಿ. ಅದ ಆತಂದ್ರ ಇಕಿಗೆ ರೇಲ್ವೆದಾಗ, ಪೊಲೀಸದಾಗ, ಎಲ್ಲಿ ಬೇಕಾದಲ್ಲಿ ಕೆಲಸ. ಆಮ್ಯಾಲ ಎಷ್ಟ ಬೇಕಾದಷ್ಟ ತಿನಸ್ರಿ." ಅವ್ವ ನನ್ನ ಮುಖ ನೋಡಿದಳು. ನಾನು, "ಒಂದ ಹಂಗಾಮ ಬೇ," ಅಂದೆ. ಅವಳು ಚಹಾ ಮುಟ್ಟದೆ ಎದ್ದಳು.

ಆದರೆ ಆ ಹಂಗಾಮಿನಲ್ಲಿ ಕಾಲು ಬರಲಿಲ್ಲ. ಹಿಂದಿನ ವರ್ಷ ಹಾರುತ್ತಿದ್ದ ಅದೇ ಮೈ ಈಗ ಬೆಳಿಗ್ಗೆ ಎದ್ದರೆ ಕಬ್ಬಿನ ಹೊರೆ ಹೊತ್ತ ಹಾಗೆ. ಮೆಟ್ಟಿಲು ಹತ್ತಿದರೆ ತೊಡೆ ನಡುಗುತ್ತಿತ್ತು. ಬಿಸಿಲಲ್ಲೂ ಚಳಿ. ಮಲಗಿದರೆ ನಿದ್ದೆ ಇಲ್ಲ. ಬಾಚಣಿಗೆಗೆ ಕೂದಲು ಗೊಂಚಲುಗೊಂಚಲಾಗಿ ಬರುತ್ತಿತ್ತು. ತೂಕ ಮಾತ್ರ ಇಳಿದೇ ಇತ್ತು, ಓಟ ನಿಧಾನವಾಗಿತ್ತು. ಸರ್ ಅವರ ಲೆಕ್ಕದಲ್ಲಿ ಈ ಎರಡೂ ಕೂಡಿ ಬರಲು ಸಾಧ್ಯವೇ ಇರಲಿಲ್ಲ. ಅದಕ್ಕೆ ಅವರು ತಿಳಿದುಕೊಂಡದ್ದು ನಾನು ಕದ್ದು ತಿನ್ನುತ್ತಿದ್ದೇನೆ ಅಂತ.

ಒಂದು ಸಂಜೆ ಎಲ್ಲರ ಮುಂದೆ ನನ್ನ ಚೀಲ ಬಿಚ್ಚಿಸಿದರು. ಒಳಗೆ ಶೇಂಗಾ ಉಂಡೆ ಇದ್ದವು. ನಿಪ್ಪಾಣಿಯಿಂದ ಬಂದ ಮೇಲೆ ಅವ್ವ ಡಬ್ಬಿ ನಂಬುವುದನ್ನು ಬಿಟ್ಟಿದ್ದಳು, ನಾನು ಶನಿವಾರ ಊರಿಗೆ ಹೋದಾಗ ಬಟ್ಟೆಗಳ ನಡುವೆ ಅವನ್ನು ತುರುಕಿ ಕಳಿಸುತ್ತಿದ್ದಳು. ನಾನು ತಿಂದೂ ಇರಲಿಲ್ಲ, ಚೆಲ್ಲಲು ಮನಸ್ಸೂ ಬಂದಿರಲಿಲ್ಲ. ಸರ್ ಅವನ್ನು ಒಂದೊಂದಾಗಿ ತೆಗೆದು ಮೈದಾನದ ನಾಯಿಗಳ ಕಡೆ ಎಸೆದರು. "ಹಿಂಗ ಆದ್ರ ಎಮ್ಮಿ ಕಾಯ್ಕೊಂಡ ಇರ, ಓಡಬ್ಯಾಡ," ಅಂದರು.

ನಾನು ತಲೆ ತಗ್ಗಿಸಿ ನಿಂತೆ. ಗೆಳತಿ ನಿಲ್ಲಲಿಲ್ಲ. ಮುಂದೆ ಬಂದು, "ಅವ್ವ ಕಟ್ಟಿದ ಉಂಡಿ ನಾಯಿಗೆ ಒಗೀತೀರೇನ್ರಿ? ನಮ್ಮ ಮನ್ಯಾಗ ಉಂಡಿ ಹಬ್ಬಕ್ಕಷ್ಟ ಕಾಣ್ತೀವಿ. ನೀವ ಹಸಿವಿ ಕಲಿಸಾಕತ್ತೀರೇನ ನಮಗ? ಹಸಿವಿ ನಮಗ ಗೊತ್ತೈತ್ರಿ, ಅದರಾಗ ಏನೂ ಶಾಣ್ಯಾತನ ಇಲ್ಲ," ಅಂದಳು. ನೆಲದ ಮೇಲೆ ಉಳಿದಿದ್ದ ಒಂದು ಉಂಡೆ ಎತ್ತಿಕೊಂಡು, ಮಣ್ಣು ಒರೆಸಿ, ಬಾಯಿಗೆ ಹಾಕಿಕೊಂಡು ಮೈದಾನದಿಂದ ಹೊರಗೆ ನಡೆದಳು. ಮತ್ತೆ ಆ ಮೈದಾನಕ್ಕೆ ಬರಲಿಲ್ಲ. ಅಥಣಿಯ ಕಡೆ ಒಬ್ಬ ನಿವೃತ್ತ ಸೈನಿಕರು ಹುಡುಗಿಯರಿಗೆ ಕಲಿಸುತ್ತಾರೆ ಅಂತ ಕೇಳಿ ಅಲ್ಲಿಗೆ ಹೋಗಿ ಸೇರಿದಳು. ಹೋಗುವಾಗ ನನ್ನನ್ನೂ ಕರೆದಳು. ನಾನು ಹೋಗಲಿಲ್ಲ.

ಮೊಳಕಾಲ ಕೆಳಗೆ, ಮುಂದಿನ ಎಲುಬಿನಲ್ಲಿ ನೋವು ಶುರುವಾಗಿತ್ತು. ಬೆರಳಿಟ್ಟು ಒತ್ತಿದರೆ ಒಂದೇ ಜಾಗದಲ್ಲಿ ಚುಚ್ಚುವ ನೋವು. ಸರ್ ಸ್ಪ್ರೇ ಹೊಡೆದು, ಪಟ್ಟಿ ಸುತ್ತಿ, "ನೋವ ಅಂದ್ರ ತಲಿಯಾಗಿರತೈತಿ," ಅಂದರು. ಸೆಲೆಕ್ಷನ್ನಿನ ಹಿಂದಿನ ದಿನ ಊಟ ಬೇಡ ಅಂದರು. ನಾನು ಒಂದು ಬಾಳೆಹಣ್ಣು ತಿಂದು ಅಥಣಿಗೆ ಹೋದೆ.

ಅಲ್ಲಿ ಗೆಳತಿ ಸಿಕ್ಕಳು. ಬೇರೆಯವಳೇ ಆಗಿದ್ದಳು. ದಪ್ಪ ಆಗಿರಲಿಲ್ಲ, ಸಣ್ಣಗೂ ಆಗಿರಲಿಲ್ಲ. ಮೈ ಬಿಗಿಯಾಗಿತ್ತು, ಮುಖದಲ್ಲಿ ಬಣ್ಣ ಇತ್ತು. ಆ ಸೈನಿಕರು ಅವಳಿಗೆ ಓಡುವ ಮೊದಲು ತಿನ್ನಿಸುತ್ತಿದ್ದರಂತೆ, ಓಡಿದ ಮೇಲೂ ತಿನ್ನಿಸುತ್ತಿದ್ದರಂತೆ. ವಾರದಲ್ಲಿ ಒಂದು ದಿನ ಕಡ್ಡಾಯ ಮಲಗಬೇಕಂತೆ. ಅವಳು ನನ್ನ ತೋಳು ಹಿಡಿದು ನೋಡಿ, "ಇವತ್ತ ಓಡಬ್ಯಾಡ ಬೇ," ಅಂದಳು. ಅಷ್ಟೊತ್ತಿಗೆ ಹೆಸರು ಕೂಗಿದರು.

ಎರಡು ಸುತ್ತು ಮುಂದೇ ಇದ್ದೆ. ಮೂರನೆಯದರಲ್ಲಿ ತಿರುವು ದಾಟುವಾಗ ಒಳಗೆ ಏನೋ ಒಣಕಡ್ಡಿ ಮುರಿದ ಸದ್ದು ಬಂತು. ಸದ್ದು ಖರೆ ಕೇಳಿದೆನೋ, ಮೈಯೊಳಗೇ ಗೊತ್ತಾಯಿತೋ, ಈಗ ಹೇಳಲಾರೆ. ಕಾಲು ನೆಲ ಮುಟ್ಟಿತು, ಆದರೆ ನನ್ನನ್ನು ಹಿಡಿಯಲಿಲ್ಲ. ಮುಖ ಮಣ್ಣಿಗೆ ಬಡಿಯಿತು. ಉಳಿದವರ ಬೂಟುಗಳು ನನ್ನ ಪಕ್ಕದಿಂದ ಹಾದುಹೋದವು. ಗೆಳತಿ ಓಟ ಮುಗಿಸಿ, ಎರಡನೆಯವಳಾಗಿ ಬಂದು, ಪದಕದ ಮಾತು ಯಾರೂ ಆಡುವ ಮೊದಲೇ ಮೈದಾನದ ಅಡ್ಡ ಓಡಿ ನನ್ನ ಹತ್ತಿರ ಬಂದಳು. ಸರ್ ಬಂದದ್ದು ಆಮೇಲೆ. ಅವರು ಮೊದಲು ಅಂದದ್ದು, "ಇನ್ನ ಒಂದ ಸುತ್ತ ಇತ್ತಲ್ಲ ಪೋರಿ."

ಎಕ್ಸ್‌ರೇ ನೋಡಿದ ಡಾಕ್ಟರು ಎಲುಬು ಒಂದೇ ದಿನದಲ್ಲಿ ಮುರಿದದ್ದಲ್ಲ, ಮೊದಲೇ ಬಿರುಕು ಬಿಟ್ಟಿತ್ತು ಅಂದರು. ಈ ವಯಸ್ಸಿಗೆ ಇಂಥ ಎಲುಬು ಇರಬಾರದು, ಮುದುಕಿಯರದು ಹೀಗಿರುತ್ತದೆ ಅಂದರು.

ಇಲ್ಲಿಗೆ ನಿಂತಿದ್ದರೆ ನಾನು ಹೇಗೋ ನುಂಗಿಕೊಳ್ಳುತ್ತಿದ್ದೆ. ಕಾಲು ನನ್ನದು, ಆಸೆ ನನ್ನದು. ಆದರೆ ಸರ್‌ಗೆ ಒಂದು ಕಾರಣ ಬೇಕಾಗಿತ್ತು. ಬ್ಯಾನರ್ ಹಾಕಿಸಿಕೊಂಡ ಹುಡುಗಿ ಎಲ್ಲರ ಮುಂದೆ ಮುರಿದು ಬಿದ್ದಿದ್ದಳು, ಉಳಿದ ಹುಡುಗಿಯರ ಅಪ್ಪಂದಿರು ಕೇಳತೊಡಗಿದ್ದರು. ಅವರಿಗೆ ಸರ್ ಕೊಟ್ಟ ಉತ್ತರ ಒಂದೇ: "ಮನಿಯವರ ಕಾಳಜಿ ಮಾಡಲಿಲ್ರಿ. ಹಾಲೆಲ್ಲಾ ಡೇರಿಗೆ ಹಾಕಿ ರೊಕ್ಕ ಮಾಡಿದ್ರು, ಮಗಳಿಗೆ ನೀರ ಕುಡಿಸಿದ್ರು. ಎಲಬ ಹೆಂಗ ಗಟ್ಟಿ ಇರಬೇಕ?"

ಆ ಮಾತು ನನ್ನ ಪ್ಲಾಸ್ಟರ್ ಒಣಗುವ ಮೊದಲೇ ಸದಲಗಾಕ್ಕೆ ಬಂತು. ನಂಬಲು ಅದು ಸುಲಭವಾಗಿತ್ತು. ಅವ್ವ ಹಾಲಿನ ಕ್ಯಾನು ಹೊತ್ತು ಡೇರಿಗೆ ಹೋಗುವುದನ್ನು ಎಲ್ಲರೂ ದಿನಾ ನೋಡಿದ್ದರು. ಬಸ್ಸಿನಲ್ಲಿ ಹೋದ ಡಬ್ಬಿ ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಡೇರಿಯ ಸಾಲಿನಲ್ಲಿ ಒಬ್ಬಾಕೆ ನಗುತ್ತಲೇ, "ಫ್ಯಾಟ್ ಭಾರಿ ಬರತೈತಿ ನಿಮ್ಮ ಹಾಲಿಗೆ, ಮಗಳ ಮೈಯಾಗಿಂದ ತಗದ ಹಾಕೀರೇನ ವೈನಿ?" ಅಂದಳಂತೆ. ಅವ್ವ ಹಾಲು ಸುರಿದು, ಖಾಲಿ ಕ್ಯಾನು ಹಿಡಿದುಕೊಂಡು ಬಂದಳು. ಮರುದಿನದಿಂದ ಡೇರಿಗೆ ಅಪ್ಪನೇ ಹೋಗತೊಡಗಿದ. ಅಪ್ಪನೂ ಒಂದು ದಿನ ಊಟದ ನಡುವೆ, "ನೀ ಸರಿಯಾಗಿ ಕಳಸ್ತಿದ್ದಿಲ್ಲೇನ?" ಅಂದುಬಿಟ್ಟ. ನಾನು ಹಾಸಿಗೆಯಿಂದಲೇ ಕೂಗಿ ಅಪ್ಪನಿಗೆ ಎಲ್ಲ ಹೇಳಿದೆ. ಡಬ್ಬಿ, ನಿಪ್ಪಾಣಿಯ ಡಾಕ್ಟರು, ಉಂಡೆ, ಎಲ್ಲ. ಅಪ್ಪ ಎದ್ದು ಕೈ ತೊಳೆದ. ಅಪ್ಪ ಅವ್ವನ ಹತ್ತಿರ ತಪ್ಪಾಯ್ತು ಅಂದದ್ದನ್ನು ನಾನು ಕೇಳಿಲ್ಲ. ಸರ್ ಹತ್ತಿರ ಹೋಗಿ ಜಗಳ ಆಡಿದ್ದೂ ಇಲ್ಲ.

ಗೆಳತಿ ಸುದ್ದಿ ಕೇಳಿ ಬಂದಳು. ಅವ್ವನ ಕಾಲು ಮುಟ್ಟಿದಳು. "ಮಾಂವಶಿ, ನಿಮ್ಮ ಡಬ್ಬಿ ತಿಂದಾಕಿ ನಾನು," ಅಂದಳು. ಅವ್ವ ಅವಳ ಗಲ್ಲ ಹಿಡಿದು ಬಹಳ ಹೊತ್ತು ನೋಡಿದಳು. ಆಮೇಲೆ ಒಳಗೆ ಹೋಗಿ ರೊಟ್ಟಿ ಬಡಿಯಲು ಕುಂತಳು. ಉಂಡ ಮೇಲೆ ಆ ಹುಡುಗಿ ಅಪ್ಪನ ಬದಲು ತಾನೇ ಕ್ಯಾನು ಎತ್ತಿಕೊಂಡು ಸಂಜೆ ಡೇರಿಗೆ ಹೋದಳು. ಸಾಲಿನಲ್ಲಿ ನಿಂತ ಹೆಂಗಸರಿಗೆ ಗಟ್ಟಿಯಾಗಿ, "ಆ ತಾಯಿ ದಿನಾ ಕಳಿಸಿದ ರೊಟ್ಟಿ ನನ್ನ ಹೊಟ್ಟಿಗೆ ಹೋಗ್ಯಾವ, ನೋಡ್ರಿ ನನ್ನ ಮೈ!" ಅಂದಳಂತೆ. ಹೆಂಗಸರು ನಕ್ಕರಂತೆ. ಒಬ್ಬಾಕೆ, "ಅಂದ್ರ ತನ್ನ ಮಗಳನ್ನ ಬಿಟ್ಟ ಮಂದಿ ಮಗಳಿಗೆ ಹಾಕ್ಯಾಳ ಅಂದಂಗಾತು," ಅಂದಳಂತೆ. ಗೆಳತಿ ಬಂದು ಕ್ಯಾನು ಇಟ್ಟು ಅಳತೊಡಗಿದಳು. ನಮ್ಮ ಮೂವರಲ್ಲಿ ಆವತ್ತು ಅತ್ತವಳು ಅವಳೊಬ್ಬಳೇ.

ಈಗ ಅವಳು ಪೊಲೀಸ್ ಇಲಾಖೆಯಲ್ಲಿದ್ದಾಳೆ. ಇನ್ನೂ ಓಡುತ್ತಾಳೆ. ನಾನು ಕಾಗವಾಡದ ಹತ್ತಿರ ಒಂದು ಶಾಲೆಯಲ್ಲಿ ಆಟದ ಶಿಕ್ಷಕಿ. ಮುಟ್ಟು ಮರಳಿ ಬರಲು ಒಂದು ವರ್ಷದ ಮೇಲೆ ಹಿಡಿಯಿತು. ಎಲುಬು ಕೂಡಿತು, ಆದರೆ ವೇಗ ಕೂಡಲಿಲ್ಲ. ಮಕ್ಕಳ ಜೊತೆ ಓಡಿದರೆ ರಾತ್ರಿ ಕಾಲಿಗೆ ಬಾವು ಬರುತ್ತದೆ. ನನ್ನ ಹುಡುಗಿಯರಿಗೆ ನಾನು ತೂಕ ಮಾಡುವುದಿಲ್ಲ. ಬೆಳಿಗ್ಗೆ ಏನು ತಿಂದು ಬಂದಿರಿ ಅಂತ ಕೇಳುತ್ತೇನೆ. ತಿನ್ನದೆ ಬಂದವಳಿಗೆ ಓಡಲು ಬಿಡುವುದಿಲ್ಲ. ಇದರಿಂದ ನನ್ನ ಹುಡುಗಿಯರು ನಿಧಾನವಾಗಿ ಬೆಳೆಯುತ್ತಾರೆ. ಮೊದಲ ವರ್ಷ ಮೂರನೇ ನಾಲ್ಕನೇ ಸ್ಥಾನ ಬರುತ್ತದೆ. ಸರ್ ಅವರ ಹುಡುಗಿಯರು ಮೊದಲನೇ ಸ್ಥಾನ ತೆಗೆದುಕೊಂಡು ಹೋಗುತ್ತಾರೆ.

ಹೋದ ವರ್ಷ ನನ್ನ ಕೈಯಲ್ಲಿ ಒಬ್ಬ ಹುಡುಗಿ ಇದ್ದಳು. ಅಂಥ ಕಾಲು ನಾನು ಬೇರೆ ಯಾರಲ್ಲೂ ನೋಡಿಲ್ಲ. ಅವಳ ಅಪ್ಪ ಊರಲ್ಲಿ ಗ್ಯಾರೇಜು ಇಟ್ಟುಕೊಂಡಿರುವ ಮುಸಲ್ಮಾನರು, ಮಗಳ ಓಟದ ಮೇಲೆ ಜೀವ. ಒಂದು ದಿನ ಶಾಲೆಗೆ ಬಂದು ಸಂಕೋಚದಿಂದ, "ಮೇಡಮ್, ಬೇಜಾರ ಮಾಡ್ಕೋಬ್ಯಾಡ್ರಿ. ಚಿಕ್ಕೋಡಿಗೆ ಸರ್ ಹಂತೇಕ ಹಾಕಬೇಕಂತ ಮಾಡೇವಿ," ಅಂದರು. ನಾನು ಆ ದಿನ ಸಂಜೆಯೇ ಅವರ ಮನೆಗೆ ಹೋದೆ.

ತಾಯಿ ಬಾಗಿಲಿಗೆ ಬಂದು ಒಳಗೆ ಕರೆದರು. ಚಹಾ ಕೊಟ್ಟರು, ಅದ್ದಿ ತಿನ್ನಲು ಬಟರ್ ಬಿಸ್ಕತ್ತು ಕೊಟ್ಟರು. ನಾನು ಒಂದೂ ಬಿಡದೆ ಹೇಳಿದೆ. ಮುಟ್ಟು ನಿಂತದ್ದು, ಎಲುಬು ಮುರಿದದ್ದು, ಸರ್ ಏನೇನು ಅಂದರು ಅನ್ನುವುದು. ಆಕೆ ಎಲ್ಲ ಕೇಳಿದರು. ಕೊನೆಗೆ ನನ್ನ ಕೈಮೇಲೆ ಕೈಯಿಟ್ಟರು. ಅವರ ಕಣ್ಣಲ್ಲಿ ನಿಜವಾದ ಮರುಕ ಇತ್ತು.

"ನಿಮ್ಮ ಕತಿ ಸರ್ ಹೇಳ್ಯಾರ್ರಿ ನಮಗ. ತಾಯಂದ್ರನ್ನೆಲ್ಲಾ ಕೂಡಿಸಿ ಹೇಳ್ತಾರ್ರಿ. ಒಬ್ಬಾಕಿ ಭಾಳ ಚಲೋ ಓಡ್ತಿದ್ಲು, ಮನ್ಯಾಗ ಎಮ್ಮಿ ಇದ್ದೂ ತಾಯಿ ಹಾಲ ಹಾಕಲಿಲ್ಲ, ಹುಡುಗಿ ಹಾಳಾತು ಅಂತ. ಅದ ನೀವಂತ ಆಮ್ಯಾಲ ಗೊತ್ತಾತ್ರಿ. ನಾ ಹಂಗ ಮಾಡೂದಿಲ್ರಿ ಮೇಡಮ್. ನನ್ನ ಮಗಳನ್ನ ನಾ ನೋಡ್ಕೋತೀನ್ರಿ."

ಅಷ್ಟು ವರ್ಷವಾಗಿದ್ದರೂ ಸರ್ ಅವ್ವನ ಹೆಸರನ್ನು ಊರೂರು ತಿರುಗಿಸುತ್ತಲೇ ಇದ್ದರು. ಸುಳ್ಳು ಅಂತ ಕೂಗಬೇಕೆನಿಸಿತು. ಕೂಗಿದರೆ ಆಕೆಗೆ ನಾನು ತಾಯಿಯ ಮಾನ ಮುಚ್ಚಲು ಬಂದ ಮಗಳ ಹಾಗೆ ಕಾಣುತ್ತಿದ್ದೆ. ಕೂಗಲಿಲ್ಲ. ನನ್ನ ಫೋನ್ ನಂಬರ್ ಅವರ ಮೊಬೈಲಿನಲ್ಲಿ ನಾನೇ ಹಾಕಿಕೊಟ್ಟೆ. "ಹುಡುಗಿ ಒಂದ ತಿಂಗಳ ಮುಟ್ಟಾಗಲಿಲ್ಲ ಅಂದ್ರ ನನಗ ಫೋನ ಹಚ್ರಿ. ಸರ್‌ಗೆ ಕೇಳಬ್ಯಾಡ್ರಿ, ಮೊದಲ ನನಗ ಹಚ್ರಿ," ಅಂದೆ. ಹೂಂ ಅಂದರು.

ಹುಡುಗಿ ಚಿಕ್ಕೋಡಿಗೆ ಹೋದಳು. ಈ ಸಲದ ಕೂಟದಲ್ಲಿ ಮೊದಲು ಬಂದಳು. ನಾನು ನನ್ನ ಶಾಲೆಯ ಮಕ್ಕಳನ್ನು ಕರೆದುಕೊಂಡು ಅಲ್ಲೇ ಇದ್ದೆ. ಹಾರುವ ಹಾಗೆ ಓಡಿದಳು, ಗೆದ್ದು ಬರುವಾಗ ನನಗೆ ನಮಸ್ಕಾರ ಮಾಡಿದಳು. ಅವಳ ಕತ್ತಿನ ಕೆಳಗಿನ ಎರಡು ಎಲುಬು ಅಂಗಿಯ ಮೇಲೂ ಕಾಣುತ್ತಿದ್ದವು. ಅವ್ವ ಫೋನ್ ಮಾಡಿದಾಗ ಇದನ್ನೆಲ್ಲ ನಾನು ಹೇಳಲಿಲ್ಲ, ಮಕ್ಕಳು ಚಲೋ ಓಡಿದರು ಅಂತಷ್ಟೇ ಹೇಳಿದೆ.

ಆ ತಾಯಿಯ ಫೋನ್ ಇನ್ನೂ ಬಂದಿಲ್ಲ. ಹುಡುಗಿ ಚೆನ್ನಾಗಿದ್ದಾಳೆ ಅಂತ ಬಂದಿಲ್ಲವೋ, ತಾಯಿಗೆ ಗೊತ್ತಾಗದ ಹಾಗೆ ಹುಡುಗಿ ನೋಡಿಕೊಂಡಿದ್ದಾಳೋ, ನನಗೆ ಗೊತ್ತಿಲ್ಲ.